ಬಿಳಿ ಕಲೆಯ ಸಾಕ್ಷ್ಯ

ಮೆದುಳಿನ ಗಡ್ಡೆಯಲ್ಲಿ ಹೊಸ ರಕ್ತನಾಳ ಬೆಳೆಯುವುದನ್ನು ಇನ್ನು ಸ್ಕ್ಯಾನಿನಲ್ಲೇ ಕಾಣಬಹುದು ಎಂಬ ಮಾತು ಆರೋಗ್ಯ ಪುರವಣಿಗಳಲ್ಲಿ ಆಗಾಗ ಕಣ್ಣಿಗೆ ಬೀಳುತ್ತದೆ. ಪಕ್ಕದಲ್ಲಿ ತಪ್ಪದೆ ಒಂದು ಚಿತ್ರ: ನೀಲಿ ಮೆದುಳಿನ ನಡುವೆ ಕೆಂಡದಂಥ ಕೆಂಪು. ಆ ಕೆಂಪನ್ನು ಓದುಗರು ರಕ್ತವೆಂದೇ ತಿಳಿದರೆ ತಪ್ಪು ಅವರದಲ್ಲ. ಬಣ್ಣ ಆರಿಸಿದವರು ಕಂಪ್ಯೂಟರ್ ಮುಂದೆ ಕೂತವರು. ಅಳತೆಪಟ್ಟಿಯ ಮೇಲ್ತುದಿಯನ್ನು ತುಸು ಇಳಿಸಿದರೆ ಕೆಂಪು ಹಬ್ಬುತ್ತದೆ, ಏರಿಸಿದರೆ ಕುಗ್ಗುತ್ತದೆ. ಅಳತೆಪಟ್ಟಿಯನ್ನು ಕತ್ತರಿಸಿ ಚಿತ್ರವನ್ನಷ್ಟೇ ಅಚ್ಚು ಹಾಕುವ ಚಾಳಿಯ ಬಗ್ಗೆ ಇದೇ ಅಂಕಣದಲ್ಲಿ ಗೊಣಗಿದ್ದೇನೆ, ಇನ್ನೂ ಗೊಣಗುತ್ತೇನೆ. ಆದರೆ ಬಣ್ಣಕ್ಕಿಂತ ಹೆಚ್ಚು ಕಾಡುವುದು ‘ಬೆಳೆಯುವುದನ್ನು ಕಾಣಬಹುದು’ ಎಂಬ ಭರವಸೆ. ನಾಳಗಳನ್ನು ತನ್ನತ್ತ ಬರಮಾಡಿಕೊಳ್ಳದೆ ಗಡ್ಡೆ ದೊಡ್ಡದಾಗಲಾರದು ಎಂದು 1971ರಲ್ಲಿ ಶಸ್ತ್ರವೈದ್ಯ ಜುಡಾ ಫೋಕ್ಮನ್ ವಾದ ಹೂಡಿದ್ದರು. ವಾದ ಸರಿಯೇ. ಸ್ಕ್ಯಾನಿನಲ್ಲಿ ಕಾಣುವುದು ಆ ಬೆಳವಣಿಗೆಯೇ ಎಂಬುದು ನನ್ನ ತಕರಾರು.

ನಾಳವನ್ನು ನೋಡುವ ಹಂಬಲ ಹಳೆಯದು. ಲಿಸ್ಬನ್ನಿನ ಎಗಾಸ್ ಮೋನಿಸ್ ಮೊದಲು ಸ್ಟ್ರಾನ್ಷಿಯಂ ಬ್ರೋಮೈಡ್ ಬಳಸಿದರು. ಒಬ್ಬ ರೋಗಿ ತೀರಿಕೊಂಡ ಮೇಲೆ ಅದನ್ನು ಬಿಟ್ಟು, 1927ರಲ್ಲಿ ಕೊರಳಿನ ಅಪಧಮನಿಗೆ ಸೋಡಿಯಂ ಅಯೊಡೈಡ್ ಚುಚ್ಚಿ ಎಕ್ಸ್‌ರೇ ತೆಗೆದರು. ಬದುಕಿರುವ ಮನುಷ್ಯನ ಮೆದುಳಿನ ನಾಳಗಳು ಮೊದಲ ಸಲ ಫಿಲ್ಮಿನ ಮೇಲೆ ಮೂಡಿದವು. ಆಮೇಲೆ ಬಂದ ಥೋರೋಟ್ರಾಸ್ಟ್ ಇನ್ನೂ ಸ್ಪಷ್ಟ ಚಿತ್ರ ಕೊಟ್ಟಿತು, ಜೊತೆಗೆ ಯಕೃತ್ತಿನಲ್ಲಿ ಕೂತು ವಿಕಿರಣ ಸೂಸಿ ದಶಕಗಳ ಬಳಿಕ ಕ್ಯಾನ್ಸರನ್ನೂ ಕೊಟ್ಟಿತು. ಮೋನಿಸರಿಗೆ 1949ರಲ್ಲಿ ನೊಬೆಲ್ ಬಂದದ್ದು ಈ ಕೆಲಸಕ್ಕಲ್ಲ, ಮನೋರೋಗಿಗಳ ಮೆದುಳಿನ ಮುಂಭಾಗದ ತಂತುಗಳನ್ನು ಕತ್ತರಿಸುವ ಶಸ್ತ್ರಕ್ರಿಯೆಗೆ. ಬಹುಮಾನಗಳ ವಿವೇಕದ ಬಗ್ಗೆ ಇನ್ನೊಮ್ಮೆ ಬರೆಯೋಣ. ನಮ್ಮ ಕಥೆಗೆ ಅವರಷ್ಟೇ ಮುಖ್ಯರಾದವರು ಎಡ್ವಿನ್ ಗೋಲ್ಡ್‌ಮನ್. ಪ್ರಾಣಿಗಳ ರಕ್ತಕ್ಕೆ ಟ್ರಿಪಾನ್ ಬ್ಲೂ ಬಣ್ಣ ಸೇರಿಸಿದಾಗ ದೇಹವೆಲ್ಲ ನೀಲಿಯಾದರೂ ಮೆದುಳು ಬಿಳಿಯಾಗೇ ಉಳಿಯಿತು. 1913ರಲ್ಲಿ ಅವರು ಅದೇ ಬಣ್ಣವನ್ನು ಮೆದುಳಿನ ಸುತ್ತಲ ದ್ರವಕ್ಕೆ ಬಿಟ್ಟರು, ಮೆದುಳೂ ನೀಲಿಯಾಯಿತು. ಬಣ್ಣವನ್ನು ತಡೆದದ್ದು ಮೆದುಳಿನ ಊತಕವಲ್ಲ, ನಡುವಿನ ಒಂದು ಗೋಡೆ ಎಂದು ತೋರಿತು.

ಇಂದಿನ ಎಂಆರ್‌ಐನಲ್ಲಿ ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ವಸ್ತುವನ್ನು ರಕ್ತಕ್ಕೆ ಕೊಟ್ಟಾಗ ಗಡ್ಡೆ ಬೆಳ್ಳಗೆ ಹೊಳೆಯುವುದು ಗೋಲ್ಡ್‌ಮನ್ನರ ಗೋಡೆಯಿಂದಾಗಿ, ಮೋನಿಸರ ನಾಳಗಳಿಂದಾಗಿ ಅಲ್ಲ. ಸ್ವಸ್ಥ ಮೆದುಳಿನ ನಾಳ ಅದನ್ನು ಹೊರಬಿಡುವುದಿಲ್ಲ, ಗಡ್ಡೆಯ ನಾಳ ಜಿನುಗುತ್ತದೆ. ಬಿಳಿ ಕಲೆ ಹೇಳುವುದು ಸೋರಿಕೆಯನ್ನು; ನಾಳ ಎಷ್ಟಿವೆ ಎಂಬುದನ್ನಲ್ಲ. ಅದಕ್ಕೆ ಪರ್ಫ್ಯೂಷನ್ ಸ್ಕ್ಯಾನ್ ಬೇಕು. ಪಂಪಿನಿಂದ ಸೆಕೆಂಡಿಗೆ ನಾಲ್ಕೈದು ಮಿಲಿಲೀಟರ್ ವೇಗದಲ್ಲಿ ಗ್ಯಾಡೋಲಿನಿಯಂ ನುಗ್ಗಿಸಿ, ಒಂದೂವರೆ ಸೆಕೆಂಡಿಗೊಮ್ಮೆ ಚಿತ್ರ ಹಿಡಿಯುತ್ತಾರೆ. ಅದು ಹಾದುಹೋಗುವಾಗ ಸಂಕೇತ ಧುಮುಕಿ ಮತ್ತೆ ಏಳುತ್ತದೆ. ಆ ತಗ್ಗು ಎಷ್ಟು ದೊಡ್ಡದೆಂಬುದರಿಂದ ಅಲ್ಲಿನ ರಕ್ತದ ಪ್ರಮಾಣ ಲೆಕ್ಕ ಹಾಕಿ, ಎದುರು ಬದಿಯ ಸ್ವಸ್ಥ ಭಾಗದೊಂದಿಗೆ ಹೋಲಿಸುತ್ತಾರೆ; ಪುರವಣಿಯ ಕೆಂಪು ನೀಲಿಯ ಚಿತ್ರ ಈ ಲೆಕ್ಕದ ನಕ್ಷೆಯೇ. ಇಲ್ಲೂ ಸೋರಿಕೆ ಕಾಡುತ್ತದೆ: ಗ್ಯಾಡೋಲಿನಿಯಂ ಹೊರಬಿದ್ದ ಕಡೆ ಸಂಕೇತ ಮೇಲೇರಿ, ತಗ್ಗು ಚಿಕ್ಕದಾಗಿ, ರಕ್ತ ಕಡಿಮೆಯಿದೆಯೆಂಬ ಸುಳ್ಳು ಲೆಕ್ಕ ಬರಬಹುದು. ಅದಕ್ಕೇ ಮುಂಚೆ ಒಂದಿಷ್ಟು ಡೋಸ್ ಕೊಟ್ಟಿಡುವ ರೂಢಿ, ಆಮೇಲೆ ಗಣಿತದ ತಿದ್ದುಪಡಿ. ಇಷ್ಟಾದರೂ ಒಲಿಗೊಡೆಂಡ್ರೊಗ್ಲಿಯೋಮಾ ಎಂಬ ನಿಧಾನದ ಗಡ್ಡೆ ತನ್ನ ಲೋಮನಾಳಗಳ ದಟ್ಟ ಬಲೆಯಿಂದಾಗಿ ಉಗ್ರ ಗಡ್ಡೆಯ ಅಂಕಿ ತೋರಿಸಬಲ್ಲದು. ಬೆಳವಣಿಗೆ ಎನ್ನಬೇಕಾದರೆ ಇನ್ನೊಂದು ದಿನಾಂಕದ, ಅದೇ ವಿಧಾನದ ಸ್ಕ್ಯಾನೂ ಬೇಕು.

ಇದೆಲ್ಲ ಅಳತೆಯ ತೊಡಕು, ಯಂತ್ರ ಸುಧಾರಿಸಿದರೆ ಸರಿಹೋದೀತು ಎನ್ನಬಹುದು. ಬೆವಾಸಿಝುಮಾಬ್ ಎಂಬ ಔಷಧದ ಕಥೆ ನೋಡಿದರೆ ಪ್ರಶ್ನೆಯೇ ಬೇರೆ. ಅದು ತಡೆಯುವ ವಿಇಜಿಎಫ್ ಪ್ರೋಟೀನು 1983ರಲ್ಲಿ ಮೊದಲು ಗುರುತಾದದ್ದು ನಾಳವನ್ನು ಸೋರುವಂತೆ ಮಾಡುವ ವಸ್ತುವಾಗಿ. ನಾಳ ಬೆಳೆಸುವ ಗುಣ ಬೆಳಕಿಗೆ ಬಂದದ್ದು ಆಮೇಲೆ. ಹಾಗಾಗಿ ಈ ಔಷಧ ಬಿದ್ದರೆ ಗಡ್ಡೆ ಇದ್ದಷ್ಟೇ ಇದ್ದರೂ ಬಿಳಿ ಕಲೆ ಮಾಯವಾಗಬಹುದು. ಮರುಕಳಿಸಿದ ಗ್ಲಿಯೋಬ್ಲಾಸ್ಟೋಮಾ ಎಂಬ ಉಗ್ರ ಗಡ್ಡೆಗೆ ಅದನ್ನು ಬಳಸಲು ಅಮೆರಿಕ 2009ರಲ್ಲಿ ಅನುಮತಿ ಕೊಟ್ಟದ್ದು ಇಂಥ ಚಿತ್ರಗಳನ್ನು ನಂಬಿಯೇ. ಹೊಸ ರೋಗಿಗಳ ಮೇಲೆ ನಡೆದ ಅವಾಗ್ಲಿಯೋ ಪ್ರಯೋಗ 2014ರಲ್ಲಿ ಪ್ರಕಟವಾಯಿತು: ರೋಗ ಉಲ್ಬಣಿಸದೆ ಉಳಿದ ಅವಧಿ 6.2 ತಿಂಗಳಿಂದ 10.6ಕ್ಕೆ ಏರಿತ್ತು, ಒಟ್ಟು ಆಯುಸ್ಸು ಔಷಧ ಇಲ್ಲದವರಿಗೆ 16.7 ತಿಂಗಳು, ಇದ್ದವರಿಗೆ 16.8. ಅಂದರೆ ಕೇಳಬೇಕಾದದ್ದು ನಾಳವನ್ನು ಎಷ್ಟು ಚೆನ್ನಾಗಿ ನೋಡಬಲ್ಲೆವು ಎಂದಲ್ಲ. ಚಿತ್ರ ಬದಲಾದಾಗ ರೋಗ ಬದಲಾಯಿತೇ ಎಂದು.

ಆಯುಸ್ಸೊಂದೇ ಮಾನದಂಡವೇ, ಊತ ಇಳಿದು ಸ್ಟೀರಾಯ್ಡ್ ಕಡಿಮೆಯಾದರೆ ಅದೂ ಲಾಭವಲ್ಲವೇ ಎಂದು ವೈದ್ಯರು ಕೇಳುತ್ತಾರೆ. ಖಂಡಿತ ಲಾಭ, ಅವಾಗ್ಲಿಯೋ ಅದನ್ನು ತೋರಿಸಿತು ಕೂಡ. ಆದರೆ ಅದೇ ವರ್ಷದ ಇನ್ನೊಂದು ದೊಡ್ಡ ಪ್ರಯೋಗದಲ್ಲಿ, ಔಷಧ ಪಡೆದವರ ತೊಂದರೆಗಳು ಕಾಲಕ್ರಮೇಣ ಹೆಚ್ಚಿ, ಯೋಚನಾಶಕ್ತಿ ಇನ್ನಷ್ಟು ಕುಂದಿತ್ತು. ಹಾಗಾಗಿ ರೋಗಿಯ ಸುಖಕ್ಕೂ ಬಿಳಿ ಕಲೆ ಸಾಕ್ಷಿಯಾಗಲಾರದು, ರೋಗಿಯನ್ನೇ ಕೇಳಬೇಕು. ತಜ್ಞರಿಗೆ ಇದು ಗೊತ್ತಿಲ್ಲದ್ದಲ್ಲ. ಚಿಕಿತ್ಸೆಗೆ ಗಡ್ಡೆ ಹೇಗೆ ಸ್ಪಂದಿಸಿತೆಂದು ತೀರ್ಮಾನಿಸುವ 2010ರ ರಾನೋ ಮಾನದಂಡಗಳು ಬೆಳ್ಳಗಾಗದೆ ಹಬ್ಬುವ ಗಡ್ಡೆಯನ್ನೂ, ಸ್ಟೀರಾಯ್ಡ್ ಪ್ರಮಾಣವನ್ನೂ, ರೋಗಿಯ ಸ್ಥಿತಿಯನ್ನೂ ತೀರ್ಪಿಗೆ ಸೇರಿಸಿದವು. ಗೊತ್ತಿಲ್ಲದಂತೆ ಬರೆಯುವುದು ಪುರವಣಿಗಳು.

ಹಾಗಾದರೆ ಪರ್ಫ್ಯೂಷನ್ ದಂಡವೇ? ಅಲ್ಲ. ವಿಕಿರಣ ಚಿಕಿತ್ಸೆ ಮುಗಿದ ಕೆಲ ತಿಂಗಳಲ್ಲಿ ಬಿಳಿ ಕಲೆ ದೊಡ್ಡದಾದರೆ ಅದು ಮರಳಿ ಬಂದ ಗಡ್ಡೆಯಿರಬಹುದು, ಬರೀ ಚಿಕಿತ್ಸೆಯ ಗಾಯವಿರಬಹುದು. ಮಾಮೂಲಿ ಸ್ಕ್ಯಾನಿನಲ್ಲಿ ಎರಡೂ ಒಂದೇ ಥರ. ರಕ್ತದ ಪ್ರಮಾಣ ತೀರಾ ಕಡಿಮೆಯಿದ್ದರೆ ಗಾಯದ ಕಡೆಗೆ ವಾಲಬಹುದು, ಹೆಚ್ಚಿದ್ದರೆ ಗಡ್ಡೆಯ ಕಡೆಗೆ. ಬಯಾಪ್ಸಿ ಮಾಡಲೇಬೇಕಾಗಿ ಬಂದರೆ, ಗಡ್ಡೆಯ ಯಾವ ಮೂಲೆಗೆ ಸೂಜಿ ಇಳಿಸಬೇಕೆಂದು ಶಸ್ತ್ರವೈದ್ಯರು ನೋಡಿಕೊಳ್ಳುವುದೂ ಅದೇ ಕೆಂಪು ನೀಲಿಯ ನಕ್ಷೆಯನ್ನು, ಅಳತೆಪಟ್ಟಿ ಸಮೇತ.