ಹಿಂದಿನ ಸೀಟಿನ ಚರಿತ್ರೆ

ಹಳೆಯ ಕಾರನ್ನು ಕಂಡರೆ ನಮ್ಮ ಬೆಂಗಳೂರಿನ ಗಂಡಸರ ಕಣ್ಣು ಮಂಜಾಗುತ್ತದೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಗಟ್ಟಿಯಾಗಿ ನಿಂತವರೂ, ಎಂದೋ ಮಾರಿಬಿಟ್ಟ ಅಂಬಾಸಡರನ್ನು ನೆನೆದು ಗದ್ಗದರಾಗುವುದನ್ನು ನೋಡಿದ್ದೇನೆ. ಆಗಾಗ ಹಳೆಯ ಕಾರುಗಳ ಮೆರವಣಿಗೆ ಹೊರಡುತ್ತದೆ. ಮಾರನೆಯ ದಿನ ಪತ್ರಿಕೆಯಲ್ಲಿ ಚಿತ್ರ, ಚಿತ್ರದ ಕೆಳಗೆ ಪ್ರತಿ ಸಲವೂ ಒಂದೇ ಮಾತು: ಇದು ಫೋರ್ಡ್ ಟಿ ಮಾಡೆಲ್, ಜನಸಾಮಾನ್ಯನನ್ನು ಮೊಟ್ಟಮೊದಲು ಕಾರಿನಲ್ಲಿ ಕೂರಿಸಿದ ವಾಹನ. ಯಾರು ಈ ಜನಸಾಮಾನ್ಯ? ಅವನಿಗೆ ಹೆಂಡತಿ ಇದ್ದಳೇ? ಇದ್ದರೆ ಅವಳನ್ನು ಎಲ್ಲಿ ಕೂರಿಸಿದ್ದ? ಇಷ್ಟು ವರ್ಷ ಮಕ್ಕಳಿಗೆ ಚರಿತ್ರೆಯ ಪಾಠ ಹೇಳಿದವಳಾಗಿ ಈ ಪ್ರಶ್ನೆ ಕೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ಮೊದಲು ಸಲ್ಲಬೇಕಾದ ಗೌರವವನ್ನು ಸಲ್ಲಿಸಿಬಿಡೋಣ. ಟಿ ಮಾಡೆಲ್ 1908ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಹುಟ್ಟಿತು. ಆಗ ಅದರ ಬೆಲೆ 850 ಡಾಲರ್. 1913ರಲ್ಲಿ ಹೆನ್ರಿ ಫೋರ್ಡ್ ತನ್ನ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಹೊಸ ಏರ್ಪಾಟು ಮಾಡಿದ. ನಮ್ಮ ಮದುವೆಮನೆಯ ಪಂಕ್ತಿಯಲ್ಲಿ ಎಲೆ ಇದ್ದಲ್ಲೇ ಇರುತ್ತದೆ, ಬಡಿಸುವವರು ಸಾಲಾಗಿ ಬರುತ್ತಾರೆ. ಫೋರ್ಡ್ ಇದನ್ನು ತಿರುಗಾಮುರುಗಾ ಮಾಡಿದ. ಬಡಿಸುವವರು ನಿಂತಲ್ಲೇ ನಿಂತರು, ಎಲೆಯೇ ಮುಂದೆ ಸಾಗಿತು. ಉಪ್ಪು ಹಾಕುವವನು ದಿನವೆಲ್ಲಾ ಉಪ್ಪನ್ನೇ ಹಾಕಿದ, ಕೋಸಂಬರಿಯವನು ಕೋಸಂಬರಿಯನ್ನೇ. ಒಂದು ಕಾರಿನ ಚಾಸಿ ಜೋಡಿಸಲು 12 ಗಂಟೆಗೂ ಮಿಕ್ಕಿ ಹಿಡಿಯುತ್ತಿದ್ದುದು 93 ನಿಮಿಷಕ್ಕೆ ಇಳಿಯಿತು. 1925ರ ಹೊತ್ತಿಗೆ ಇದರ ಅತಿ ಅಗ್ಗದ ನಮೂನೆ 260 ಡಾಲರಿಗೆ ಸಿಗುತ್ತಿತ್ತು. 1927ರಲ್ಲಿ ತಯಾರಿಕೆ ನಿಲ್ಲುವಷ್ಟರಲ್ಲಿ ಒಂದೂವರೆ ಕೋಟಿ ಕಾರುಗಳು ಹೊರಬಿದ್ದಿದ್ದವು. ಈ ದಾಖಲೆ ಮುರಿಯಲು ಜರ್ಮನಿಯ ಬೀಟಲ್ ಕಾರು 1972ರವರೆಗೆ ಕಾಯಬೇಕಾಯಿತು. ವರ್ಷ ವರ್ಷವೂ ಬೆಲೆ ಏರುವುದನ್ನೇ ಕಂಡ ನಮಗೆ, ಬೆಲೆ ಇಳಿಸಿಕೊಂಡೇ ಬೆಳೆದ ವಸ್ತುವೆಂದರೆ ಪವಾಡವೇ ಸರಿ.

ಇಲ್ಲಿಗೆ ಗಂಡಸರ ಪುರಾಣ ಮಂಗಳವಾಗುತ್ತದೆ. ಮುಂದಿನ ಅಧ್ಯಾಯವನ್ನು ನಾವು ಓದೋಣ.

ದಿನವೆಲ್ಲಾ ಉಪ್ಪನ್ನೇ ಬಡಿಸುವ ಕೆಲಸ ಯಾರಿಗೆ ತಾನೇ ಹಿಡಿಸೀತು? ಕೆಲಸಗಾರರು ಗುಂಪು ಗುಂಪಾಗಿ ಬಿಟ್ಟು ಹೋಗತೊಡಗಿದರು. ಅವರನ್ನು ಹಿಡಿದಿಡಲು ಫೋರ್ಡ್ 1914ರ ಜನವರಿಯಲ್ಲಿ ದಿನಕ್ಕೆ 8 ಗಂಟೆ ಕೆಲಸ, 5 ಡಾಲರ್ ಕೂಲಿ ಎಂದು ಸಾರಿದ. ಲೋಕವೆಲ್ಲ ಭೇಷ್ ಎಂದಿತು. ಆದರೆ ಆ 5 ಡಾಲರಿನಲ್ಲಿ ಹೆಂಗಸರಿಗೆ ಮೊದಲಿಗೆ ಪಾಲಿರಲಿಲ್ಲ, ಅವರನ್ನು ಸೇರಿಸಿಕೊಂಡದ್ದು 1916ರಲ್ಲಿ. ಗಂಡಸರಿಗಾದರೂ ಅದು ಸುಮ್ಮನೆ ಸಿಗುತ್ತಿರಲಿಲ್ಲ. ಕಂಪನಿಯ ತನಿಖೆದಾರರು ಕೆಲಸಗಾರರ ಮನೆಮನೆಗೆ ಹೋಗಿ ಮನೆ ಚೊಕ್ಕಟವಾಗಿದೆಯೇ, ಸಂಸಾರ ಸರಿಯಾಗಿದೆಯೇ, ದುಡ್ಡು ಉಳಿಸುತ್ತಾರೆಯೇ ಎಂದು ವಿಚಾರಿಸಿ ಬರೆದುಕೊಳ್ಳುತ್ತಿದ್ದರು. ಅಂದರೆ ಗಂಡನ ಕೂಲಿ ಹೆಂಡತಿ ಪಾತ್ರೆ ತಿಕ್ಕಿದ್ದರ ಮೇಲೂ ನಿಂತಿತ್ತು. ಟಿ ಮಾಡೆಲಿನ ಒಂದೊಂದು ನಟ್ಟಿನಲ್ಲೂ ಒಬ್ಬ ಗೃಹಿಣಿಯ ದುಡಿಮೆ ಸೇರಿದೆ. ಅವಳ ಹೆಸರನ್ನು ಯಾವ ಮೆರವಣಿಗೆಯಲ್ಲಾದರೂ ಕೂಗಿದ್ದನ್ನು ಕೇಳಿದ್ದೀರಾ?

ಇನ್ನು ಓಡಿಸುವ ಮಾತು. ಟಿ ಮಾಡೆಲನ್ನು ಚಾಲೂ ಮಾಡಬೇಕಾದರೆ ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ತಿರುಗಿಸಬೇಕಿತ್ತು. ಇಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಗುಂಡಿಯಿಂದ ಚಾಲೂ ಮಾಡುವ ಸ್ಟಾರ್ಟರ್ ಬೇರೆ ಕಂಪನಿಯ ದುಬಾರಿ ಕಾರಿಗೆ 1912ರಲ್ಲೇ ಬಂದಿತ್ತು, ಟಿ ಮಾಡೆಲಿಗೆ ಬಂದದ್ದು 1919ರಲ್ಲಿ. ಅಷ್ಟು ವರ್ಷ ಫೋರ್ಡ್ ಮಹಾಶಯನ ಸ್ವಂತ ಹೆಂಡತಿ ಕ್ಲಾರಾ ಏನು ಮಾಡುತ್ತಿದ್ದಳು ಗೊತ್ತೇ? ಬೇರೆ ಕಂಪನಿಯವರು ತಯಾರಿಸಿದ ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ವಿದ್ಯುತ್ ಕಾರು ಓಡಿಸುತ್ತಿದ್ದಳು! ಹೊಗೆಯಿಲ್ಲ, ಗದ್ದಲವಿಲ್ಲ, ಹ್ಯಾಂಡಲ್ ಮೊದಲೇ ಇಲ್ಲ. ಇಂಥ ಕಾರುಗಳಿಗೆ 'ಹೆಂಗಸರ ಕಾರು' ಎಂದು ಹೆಸರಿಟ್ಟು ಲೋಕ ಮರೆತುಬಿಟ್ಟಿತು. ನಮ್ಮ ಬೆಂಗಳೂರಿನಲ್ಲೇ ತಯಾರಾದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿ ರಸ್ತೆಗೆ ಬಂದಾಗ 'ಆಟದ ಸಾಮಾನು' ಎಂದು ನಕ್ಕವರನ್ನು ನಾನೇ ಕಂಡಿದ್ದೇನೆ. ಈಗ ಅಂಥ ಮನೆಗಳ ಮುಂದೆಯೇ ವಿದ್ಯುತ್ ಕಾರುಗಳು ನಿಂತಿವೆ, ನಗು ಮಾತ್ರ ಕೇಳಿಸುತ್ತಿಲ್ಲ.

ಕಾರಿನ ಚರಿತ್ರೆಯ ಮೊದಲ ದೂರ ಪ್ರಯಾಣವೇ ಒಬ್ಬ ಹೆಂಗಸಿನದು. 1888ರಲ್ಲಿ ಜರ್ಮನಿಯ ಬರ್ತಾ ಬೆಂಜ್ ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು, ಅವನು ಕಟ್ಟಿದ ಮೂರು ಚಕ್ರದ ಬಂಡಿಯಲ್ಲಿ ಸುಮಾರು 100 ಕಿಲೋಮೀಟರ್ ದೂರದ ತವರಿಗೆ ಹೊರಟಳು. ದಾರಿಯಲ್ಲಿ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡಳು, ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ತವರಿಗೆ ಹೋಗಬೇಕೆಂದು ಹೆಂಗಸು ಮನಸ್ಸು ಮಾಡಿದರೆ ದಾರಿ ತಾನಾಗಿ ಹುಟ್ಟುತ್ತದೆ ಎಂದು ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ಯಂತ್ರದ ಯೋಗ್ಯತೆಯನ್ನು ಲೋಕಕ್ಕೆ ತೋರಿಸಿಕೊಟ್ಟವಳು ಅವಳು, ಆದರೂ ಕಾರಿನ ಜನಕ ಎಂಬ ಬಿರುದು ಗಂಡನಿಗೆ.

ಹಾಗಾದರೆ ಟಿ ಮಾಡೆಲಿನಿಂದ ಹೆಂಗಸರಿಗೆ ಏನೂ ಸಿಗಲಿಲ್ಲವೇ? ಸಿಕ್ಕಿತು. ಅಮೆರಿಕದಲ್ಲಿ ಒಂದು ಕಥೆ ಹೇಳುತ್ತಾರೆ. ಹಳ್ಳಿಗಾಡಿನ ರೈತನ ಹೆಂಡತಿಯನ್ನು ಅಧಿಕಾರಿಯೊಬ್ಬರು, ಮನೆಯಲ್ಲಿ ಸ್ನಾನದ ತೊಟ್ಟಿಯೇ ಇಲ್ಲ, ಕಾರು ಮಾತ್ರ ಏಕೆ ಕೊಂಡಿರಿ ಎಂದು ಕೇಳಿದರಂತೆ. ಸ್ನಾನದ ತೊಟ್ಟಿಯಲ್ಲಿ ಕೂತು ಪೇಟೆಗೆ ಹೋಗಲಾಗುವುದಿಲ್ಲವಲ್ಲ ಎಂದಳಂತೆ ಆಕೆ. ನನ್ನ ಮಟ್ಟಿಗೆ ಟಿ ಮಾಡೆಲಿನ ಮೋಡಿಯೆಲ್ಲ ಈ ಒಂದು ಮಾತಿನಲ್ಲಿದೆ. ಕೆಲವು ರೈತರ ಮನೆಗಳಲ್ಲಿ ಅದೇ ಕಾರಿನ ಹಿಂದಿನ ಚಕ್ರಕ್ಕೆ ಬೆಲ್ಟ್ ಕಟ್ಟಿ ಬಟ್ಟೆ ಒಗೆಯುವ ಯಂತ್ರವನ್ನೂ ತಿರುಗಿಸಿದರು. ಹೊರಗೆ ಹೋಗಬಹುದು, ನಾಲ್ಕು ಜನರ ಮುಖ ನೋಡಬಹುದು, ಬೇಕಾದಾಗ ಹಿಂದಿರುಗಬಹುದು. ಇದು ನೂರು ವರ್ಷವಾದರೂ ಸಾಯದ ಆಸೆ. ಕಪ್ಪು ಬಣ್ಣ, ಹಿತ್ತಾಳೆ ದೀಪ, ಪೀಂ ಪೀಂ ಹಾರನ್ ಎಲ್ಲ ಬರಿಯ ಒಡವೆ.

ಈಗ ನಮ್ಮ ಊರಿಗೆ ಬರೋಣ. ಫೋರ್ಡ್ ಕಂಪನಿ 1926ರಲ್ಲಿ ಮುಂಬಯಿಯಲ್ಲಿ ತನ್ನ ಭಾರತದ ಶಾಖೆ ತೆರೆಯಿತು. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಮೋಟಾರು ಕೈಗಾರಿಕೆಯನ್ನು ನೋಡಿಬರಲೆಂದೇ ಯುರೋಪು ಅಮೆರಿಕ ಸುತ್ತಿದರು. ವಾಲ್‌ಚಂದ್ ಹೀರಾಚಂದರ ಜೊತೆಗೂಡಿ ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಕಾರಿನ ಕಾರ್ಖಾನೆ ಕಟ್ಟುವ ಪ್ರಯತ್ನ ನಡೆಯಿತು. ಬ್ರಿಟಿಷ್ ಸರ್ಕಾರ ಅಡ್ಡಗಾಲು ಹಾಕಿತು. ಯುದ್ಧದ ಕಾಲಕ್ಕೆ ವಾಲ್‌ಚಂದರು 1940ರ ಡಿಸೆಂಬರಿನಲ್ಲಿ ಇಲ್ಲಿ ಕಟ್ಟಿದ್ದು ವಿಮಾನದ ಕಾರ್ಖಾನೆಯನ್ನು, ಇಂದಿನ ಎಚ್.ಎ.ಎಲ್. ಕಾರಿನ ಕಂಪನಿ 1944ರಲ್ಲಿ ಮುಂಬಯಿಯ ಪಾಲಾಯಿತು. ಅಲ್ಲಿಂದ ನಮಗೆ ಫಿಯಟ್, ಅದೇ ಮುಂದೆ ಪ್ರೀಮಿಯರ್ ಪದ್ಮಿನಿ. ಬಂಗಾಳದ ಉತ್ತರಪಾರಾದಿಂದ ಅಂಬಾಸಡರ್, 2014ರವರೆಗೆ. ಚಾಮರಾಜಪೇಟೆ, ಬಸವನಗುಡಿಗಳ ನಮ್ಮ ಮನೆಗಳ ಪಾಲಿಗೆ ಟಿ ಮಾಡೆಲ್ ಎಂದರೆ ಇವೆರಡೇ.

ನಮ್ಮ ಚಿಕ್ಕಪ್ಪನ ಮನೆಯಲ್ಲಿ ಅಂಥದೊಂದು ಫಿಯಟ್ ಇತ್ತು. ಚಿಕ್ಕಮ್ಮ ಬಿ.ಎಸ್ಸಿ. ಓದಿದವರು, ಮನೆಯ ರೇಡಿಯೋ ಕೆಟ್ಟರೆ ತಾವೇ ಬಿಚ್ಚಿ ನೋಡುವಷ್ಟು ಧೈರ್ಯವಂತೆ. ಕಾರಿನ ಸ್ಟೀರಿಂಗ್ ಮಾತ್ರ ಅವರು ಮುಟ್ಟಿದ್ದನ್ನು ನಾನು ಕಾಣೆ. ಆಯುಧಪೂಜೆಯ ದಿನ ಕಾರಿಗೆ ಅರಿಸಿನ ಕುಂಕುಮ ಹಚ್ಚಿ, ಹೂವು ಏರಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುವ ಕೆಲಸ ಚಿಕ್ಕಮ್ಮನದು. ನಿಂಬೆಹಣ್ಣಿನ ಮೇಲೆ ಚಕ್ರ ಹರಿಸುವ ಕೆಲಸ ಚಿಕ್ಕಪ್ಪನದು. ಇದು ಒಂದು ಮನೆಯ ಮಾತು ಎಂದು ನನಗನ್ನಿಸುವುದಿಲ್ಲ. ಓದುತ್ತಿರುವ ನಿಮ್ಮ ಮನೆಯಲ್ಲೂ ಮುಂದಿನ ಸೀಟಿನಲ್ಲಿ ಮಾವನವರು, ಹಿಂದೆ ನೀವು, ತೊಡೆಯ ಮೇಲೆ ಮಗು, ಕಾಲ ಬಳಿ ಮೊಸರನ್ನದ ಡಬ್ಬಿ. ಅದೇ ಕಾರನ್ನು ನೆನೆದು ಅವರು ಹಾಡುತ್ತಾರೆ, ನಮಗೆ ನೆನಪಾಗುವುದು ಆ ಡಬ್ಬಿ ಚೆಲ್ಲದಂತೆ ಹಿಡಿದು ಕೂತಿದ್ದು.

ಈಗ ಹೆಣ್ಣುಮಕ್ಕಳೂ ಓಡಿಸುತ್ತಾರಲ್ಲ, ಇನ್ನೇನು ನಿಮ್ಮ ತಕರಾರು ಎನ್ನಬಹುದು. ಓಡಿಸುತ್ತಾರೆ, ನನಗೆ ಸಂತೋಷ. ಪ್ರತಿ ಹೆಣ್ಣುಮಗುವೂ ಕಲಿಯಲಿ. ನನ್ನ ತಕರಾರು ಬೇರೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳು ಟಿ ಮಾಡೆಲಿಗಿಂತ ಹಿರಿಯವು. 1892ರ ಆಸುಪಾಸಿನಲ್ಲಿ ಚಾಮರಾಜಪೇಟೆ, 1898ರ ಪ್ಲೇಗು ಮಾರಿಯ ಹೊತ್ತಿಗೆ ಮಿಕ್ಕೆರಡು. ಇಕ್ಕಟ್ಟಾದ ಪೇಟೆಯಿಂದ ಜನ ಹೊರಗೆ ಬಂದು ಗಾಳಿ ಬೆಳಕಿನಲ್ಲಿ ಬದುಕಲಿ ಎಂದು ನೇರ ರಸ್ತೆ, ಸಾಲುಮರ, ಹಿತ್ತಲ ಕಡೆ ಗಲ್ಲಿ ಎಲ್ಲ ಮಾಡಿ ಕಟ್ಟಿದ ಬಡಾವಣೆಗಳು. ನಡೆಯುವವರಿಗಾಗಿ, ಹೆಚ್ಚೆಂದರೆ ಜಟಕಾಕ್ಕಾಗಿ ಆದ ರಸ್ತೆಗಳು. ಇಂದು ಅದೇ ಅಡ್ಡರಸ್ತೆಗಳಲ್ಲಿ ಎರಡೂ ಕಡೆ ಕಾರು ನಿಂತಿರುತ್ತದೆ, ಎಷ್ಟೋ ಕಡೆ ಫುಟ್‌ಪಾತ್ ಮೇಲೆಯೇ. ಕೆಲವಂತೂ ಹೊದಿಕೆ ಹೊದ್ದು ತಿಂಗಳಾನುಗಟ್ಟಲೆ ಮಲಗಿರುತ್ತವೆ. ತರಕಾರಿ ಚೀಲ ಹಿಡಿದ ಹೆಂಗಸು, ಕೋಲೂರಿದ ಅಜ್ಜಿ, ಬೆನ್ನಿಗೆ ಚೀಲ ಹೊತ್ತ ಮಗು ನಡುರಸ್ತೆಗೆ ಇಳಿಯಬೇಕು. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಬುಲ್ ಟೆಂಪಲ್ ರಸ್ತೆಯಲ್ಲಿ ವಾಹನ ನಿಲ್ಲಿಸುತ್ತಾರೆ. ಆ ದಿನ ಒಮ್ಮೆ ಹೋಗಿ ನೋಡಿ. ಮುದುಕಿಯರಿಂದ ಎಳೆಗೂಸಿನವರೆಗೆ ಎಲ್ಲರೂ ರಸ್ತೆಯ ನಡುವೆ ಎದೆ ಸೆಟೆಸಿ ನಡೆಯುತ್ತಾರೆ. ಈ ರಸ್ತೆಗಳು ಯಾರಿಗಾಗಿ ಆದವೆಂದು ಆಗ ಗೊತ್ತಾಗುತ್ತದೆ.

ಟಿ ಮಾಡೆಲಿನ ನಿಜವಾದ ವಾರಸುದಾರ ಯಾರು ಎಂದು ನನ್ನನ್ನು ಕೇಳಿದರೆ ಬೆರಳು ತೋರಿಸುವುದು ಬಸ್ಸಿನ ಕಡೆಗೆ. ಬೆಂಗಳೂರಿನ ಬಸ್ಸು 1940ರಲ್ಲಿ ಖಾಸಗಿ ಕಂಪನಿಯಾಗಿ ಶುರುವಾಗಿ, 1956ರಲ್ಲಿ ಸರ್ಕಾರದ ಕೈಗೆ ಬಂದು, ಬಿ.ಟಿ.ಎಸ್. ಆಗಿ, 1997ರಲ್ಲಿ ಬಿ.ಎಂ.ಟಿ.ಸಿ. ಆಯಿತು. ಮಲ್ಲೇಶ್ವರದ ಹುಡುಗಿಯರನ್ನು ಕಾಲೇಜಿಗೆ, ಚಾಮರಾಜಪೇಟೆಯ ಹೆಂಗಸರನ್ನು ಕಚೇರಿಗೆ ಕೊಂಡೊಯ್ದದ್ದು ಆ ಕೆಂಪು ಬಸ್ಸು. ಅದರಲ್ಲಿ ಮುಂದಿನ ಸೀಟು ನಮ್ಮದು! 2023ರ ಜೂನ್ 11ರಂದು ಕರ್ನಾಟಕ ಸರ್ಕಾರ ಶಕ್ತಿ ಯೋಜನೆ ತಂದು, ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ದುಡ್ಡು ಬೇಡವೆಂದಿತು. 2025ರ ಜುಲೈ ಹೊತ್ತಿಗೆ ಇಂಥ ಟಿಕೆಟ್ಟುಗಳ ಲೆಕ್ಕ 500 ಕೋಟಿ ಮುಟ್ಟಿತು. 850 ಡಾಲರಿನಿಂದ 260ಕ್ಕೆ ಇಳಿದದ್ದನ್ನು ಹಾಡಿ ಹೊಗಳುವವರು ಈ ಸೊನ್ನೆಯನ್ನು ಕಂಡು ಕುಣಿಯಬೇಕಿತ್ತಲ್ಲವೇ? ಏನಂದರು ಕೇಳಿದಿರಾ? ಹೆಂಗಸರಿಗೆ ಮನೆಯಲ್ಲಿ ಕೆಲಸವಿಲ್ಲ, ಧರ್ಮಸ್ಥಳ ಸುಬ್ರಹ್ಮಣ್ಯ ಅಂತ ತಿರುಗುತ್ತಾರೆ ಎಂದರು. ಗಂಡಸು ಭಾನುವಾರ ಹಳೆಯ ಕಾರಿನಲ್ಲಿ ನಂದಿಬೆಟ್ಟಕ್ಕೆ ಹೋದರೆ ಹವ್ಯಾಸ, ಹೆಂಗಸು ಬಸ್ಸಿನಲ್ಲಿ ಧರ್ಮಸ್ಥಳಕ್ಕೆ ಹೋದರೆ ತಿರುಗಾಟ! ಪೇಟೆಗೆ ಹೋಗಬೇಕೆಂದ ಆ ರೈತನ ಹೆಂಡತಿಯ ಮಾತಿಗೆ ಮೆಚ್ಚಿ ತಲೆದೂಗುವವರೇ ಪಕ್ಕದ ಮನೆಯಾಕೆ ಬಸ್ಸು ಹತ್ತಿದರೆ ಮೂಗು ಮುರಿಯುತ್ತಾರೆ.

ತೆರಿಗೆಯ ದುಡ್ಡು ಎನ್ನುತ್ತಾರೆ. ಹೌದು, ತೆರಿಗೆಯ ದುಡ್ಡೇ. ಮೇಲುಸೇತುವೆಗಳನ್ನು ಕಟ್ಟಿದ್ದು ಯಾರ ಮನೆಯ ಬಳುವಳಿಯಿಂದ? ಬಾಡಿಗೆಯಿಲ್ಲದೆ ಹಗಲೂ ರಾತ್ರಿ ಕಾರು ನಿಲ್ಲಿಸಿಕೊಳ್ಳುವ ಸಾರ್ವಜನಿಕ ಜಾಗಕ್ಕೆ ಬೆಲೆಯಿಲ್ಲವೇ? ಬಸ್ಸಿನಲ್ಲಿ ನೂಕುನುಗ್ಗಲು, ಕೆಟ್ಟ ಕೈಗಳ ಕಾಟ ಇದೆ ಎನ್ನುತ್ತಾರೆ. ಇದೆ, ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಅದಕ್ಕೆ ಮದ್ದು ಇನ್ನಷ್ಟು ಬಸ್ಸು, ಬೆಳಕಿರುವ ನಿಲ್ದಾಣ, ನಿಲ್ದಾಣದವರೆಗೆ ನೆಟ್ಟಗಿರುವ ಫುಟ್‌ಪಾತ್. ಹೆಂಗಸರನ್ನು ಮನೆಯಲ್ಲಿ ಕೂರಿಸುವುದು ಮದ್ದಲ್ಲ.

ಹಳೆಯ ಕಾರುಗಳನ್ನು ಗುಜರಿಗೆ ಹಾಕಿ ಎಂದು ನಾನು ಹೇಳುತ್ತಿಲ್ಲ. ನೂರು ವರ್ಷದ ಇಂಜಿನನ್ನು ಉಸಿರಾಡಿಸುವ ಮೆಕ್ಯಾನಿಕ್‌ನ ಕೈಚಳಕಕ್ಕೆ ನಾನೂ ಕೈಮುಗಿಯುತ್ತೇನೆ. ಮೆರವಣಿಗೆ ನಡೆಯಲಿ, ಚಿತ್ರ ಅಚ್ಚಾಗಲಿ. ಆದರೆ ಚಿತ್ರದ ಕೆಳಗಿನ ಮಾತನ್ನು ಸ್ವಲ್ಪ ಬದಲಿಸಲಿ. ಕಾರಿನ ಯೋಗ್ಯತೆಯನ್ನು ಮೊದಲು ತೋರಿಸಿದ ಬರ್ತಾಳ ಹೆಸರು ಬರಲಿ, 5 ಡಾಲರಿಗೆ ಹೊರಗಾದ ಹೆಂಗಸರ ಸುದ್ದಿ ಬರಲಿ. ಮತ್ತೆ ಆ ಮೆರವಣಿಗೆಯನ್ನು ನೋಡಲು ನಿಂತ ಹೆಂಗಸರಿಗೆ ನಿಲ್ಲಲು ಮೂರು ಅಡಿ ಫುಟ್‌ಪಾತ್ ಬಿಡಲಿ. ಅಷ್ಟಾದ ಮೇಲೆ ಜನಸಾಮಾನ್ಯ ಎಂಬ ಮಾತನ್ನು ಧಾರಾಳವಾಗಿ ಬಳಸಿಕೊಳ್ಳಲಿ, ನಾವು ಬೇಡವೆನ್ನುವುದಿಲ್ಲ.