ಒಂದು ಮಗ್ಗುಲಿನ ಹಾಡು

ಚಿತ್ರದುರ್ಗದ ಕಡೆಯ ಹಳ್ಳಿಗಳಲ್ಲಿ ‘ಲೌಡ್‌ಸ್ಪೀಕರು’ ಎಂದೊಡನೆ ಜನರ ಕಣ್ಣ ಮುಂದೆ ಬಂದು ನಿಲ್ಲುವುದು ಉಮ್ಮತ್ತದ ಹೂವಿನ ಆಕಾರದ ತಗಡಿನ ಕಹಳೆ. ನಾಯಕನಹಟ್ಟಿಯ ಜಾತ್ರೆಯಲ್ಲಾಗಲಿ, ಹೊಳಲ್ಕೆರೆಯ ಮದುವೆಯ ಚಪ್ಪರದಲ್ಲಾಗಲಿ, ಕಂಬಕ್ಕೆ ಕಟ್ಟಿದ ಆ ಕಹಳೆ ಪಕ್ಕದ ಊರಿಗೂ ತನ್ನ ಕೂಗನ್ನು ಮುಟ್ಟಿಸುತ್ತದೆ. ದೂರಕ್ಕೆ ಕೂಗುವುದೊಂದೇ ಅದರ ಧರ್ಮ. ಮೃದಂಗದ ಗುಂಕಾರವಾಗಲಿ ತಂಬೂರಿಯ ಝೇಂಕಾರವಾಗಲಿ ಅದರ ಬಾಯಿಂದ ಹೊರಡುವಷ್ಟರಲ್ಲಿ ತಗಡಾಗಿಬಿಟ್ಟಿರುತ್ತದೆ. ಆದುದರಿಂದ, ಮದಕರಿಪುರದ ನಿವೃತ್ತ ಮೇಷ್ಟರೊಬ್ಬರ ಮನೆಯಲ್ಲಿ ಎರಡು ಲೌಡ್‌ಸ್ಪೀಕರುಗಳಿವೆಯೆಂಬ ಸುದ್ದಿ ಕೇಳಿ, ಗಣೇಶನ ಹಬ್ಬಕ್ಕೆ ಬಾಡಿಗೆಗೆ ಕೇಳಲು ಕೇರಿಯ ಹುಡುಗರು ಬಂದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಮೇಷ್ಟರು ಅವರನ್ನು ಒಳಕ್ಕೆ ಕರೆದು ತೋರಿಸಿದರು. ನಡುಮನೆಯಲ್ಲಿ, ಗೋಡೆಯಿಂದ ಎರಡಡಿ ಮುಂದಕ್ಕೆ, ಎರಡು ಸ್ಟೂಲುಗಳ ಮೇಲೆ ಎರಡು ಮರದ ಪೆಟ್ಟಿಗೆಗಳು. ಮುಂಭಾಗಕ್ಕೆ ಬಣ್ಣಗೆಟ್ಟ ಕಂದುಬಟ್ಟೆ. ತಯಾರಿಸಿದವರ ಹೆಸರಿನ ತಗಡು ಎಂದೋ ಕಳಚಿ ಬಿದ್ದಿದೆ. ಎದುರಿಗೆ ಒಂದೇ ಒಂದು ಬೆತ್ತದ ಕುರ್ಚಿ.

“ಇದು ಎಷ್ಟು ದೂರ ಕೇಳುತ್ತೆ ಸಾರ್?” ಎಂದು ಹುಡುಗರಲ್ಲೊಬ್ಬ ಕೇಳಿದ.

“ಆ ಕುರ್ಚಿಯವರೆಗೆ,” ಎಂದರು ಮೇಷ್ಟರು.

ಹುಡುಗರು ಹೊರಟುಹೋದರು.

ಆ ಕುರ್ಚಿಯಲ್ಲಿ ಕುಳಿತು ಮೇಷ್ಟರು ಕೇಳುವುದು ಕೀರ್ತನೆಯೂ ಅಲ್ಲ, ಭಾವಗೀತೆಯೂ ಅಲ್ಲ. 1969ರಿಂದೀಚೆಗೆ ಏಳೆಂಟು ವರ್ಷಗಳ ಕಾಲ ಇಂಗ್ಲೆಂಡಿನ ಕೆಲವು ತರುಣರು ಕಟ್ಟಿ ಬೆಳೆಸಿದ ‘ಪ್ರೋಗ್ರೆಸಿವ್ ರಾಕ್’ ಎಂಬ ಸಂಗೀತ. ಪದಕ್ಕೆ ಪದವಿಟ್ಟು ಕನ್ನಡಿಸಿದರೆ ‘ಪ್ರಗತಿಶೀಲ’ ಎಂದಾದೀತು. ಆದರೆ ಅ.ನ.ಕೃ., ತ.ರಾ.ಸು. ಮೊದಲಾದವರ ಪ್ರಗತಿಶೀಲ ಚಳವಳಿಗೂ ಇದಕ್ಕೂ ಯಾವ ನಂಟೂ ಇಲ್ಲ. ಅಲ್ಲಿ ಪ್ರಗತಿಯೆಂದರೆ ಸಾಹಿತ್ಯವನ್ನು ಬೀದಿಯ ಜನದ ಬಳಿಗೆ ಒಯ್ಯುವುದು. ಇಲ್ಲಿ, ಕುಣಿಯುವುದಕ್ಕೆಂದು ಹುಟ್ಟಿದ ಬೀದಿಯ ಹಾಡನ್ನು ಕುಳಿತು ಕೇಳುವ ಪ್ರಬಂಧವನ್ನಾಗಿ ಮಾಡುವುದು. ದಾರಿ ಒಂದೇ, ನಡೆದ ದಿಕ್ಕು ಮಾತ್ರ ಪರಸ್ಪರ ವಿರುದ್ಧ. ಅದಿರಲಿ; ದುರ್ಗದ ಸೀಮೆಯವರೇ ಆದ ತ.ರಾ.ಸು. 1952ರ ‘ಹಂಸಗೀತೆ’ಯಲ್ಲಿ ಚಿತ್ರಿಸಿದ ಭೈರವಿ ವೆಂಕಟಸುಬ್ಬಯ್ಯ, ಅಧಿಕಾರದ ಆಜ್ಞೆಗೆ ಮಣಿದು ಹಾಡುವುದಕ್ಕಿಂತ ನಾಲಗೆಯನ್ನೇ ಕತ್ತರಿಸಿಕೊಂಡವನು. ಸಂಗೀತದ ವಿಷಯದಲ್ಲಿ ಈ ಊರಿಗೆ ಒಂದು ಹಟವುಂಟು. ಮೇಷ್ಟರದು ಅದರ ಸಣ್ಣ ಪಾಲು.

“ಈ ಗಲಾಟೆ ಇಂಗ್ಲೆಂಡಿನವರಿಗಿರಲಿ, ನಿಮಗೇಕೆ?” ಎಂಬುದು ಅವರ ಹೆಂಡತಿಯ ನಲವತ್ತು ವರ್ಷಗಳ ಪ್ರಶ್ನೆ. ಮೇಷ್ಟರ ಉತ್ತರವೂ ಅಷ್ಟೇ ಹಳೆಯದು. ಬಾಲ್ಯದಲ್ಲಿ ಅವರು ಕಂಬಳಿ ಹೊದ್ದು ಮೂಡಲಪಾಯದ ಆಟ ನೋಡಿದವರು. ಮುಖವೀಣೆ ಮದ್ದಳೆಗಳು ರಾತ್ರಿ ಹತ್ತಕ್ಕೆ ಹಿಡಿದ ಪಟ್ಟನ್ನು ಬಿಡುತ್ತಿದ್ದುದು ಬೆಳಕು ಹರಿದ ಮೇಲೆಯೇ. ಹಾಡು ಮೂರು ನಿಮಿಷದಲ್ಲಿ ಮುಗಿಯಬೇಕೆಂಬ ನಿಯಮ ದುರ್ಗದ್ದಲ್ಲ; ಅದು ಗ್ರಾಮಫೋನಿನದು.

ಈ ಮಾತು ನಿಜ. ಹತ್ತಂಗುಲದ ಹಳೆಯ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಮಗ್ಗುಲಿಗೆ ಮೂರು, ಹೆಚ್ಚೆಂದರೆ ಮೂರೂವರೆ ನಿಮಿಷ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ, ಗಂಟೆಗಟ್ಟಲೆ ಹರಿಯಬೇಕಾದ ರಾಗವನ್ನು ಆ ಮೂರು ನಿಮಿಷದ ಗಿಂಡಿಯಲ್ಲಿ ತುಂಬಿ, ಕೊನೆಗೆ ತನ್ನ ಹೆಸರನ್ನೂ ತಾನೇ ಸಾರಿ ಮುಗಿಸಿದಳು. ಅನಂತರದ ಅರ್ಧ ಶತಮಾನ ನಮ್ಮ ವಿದ್ವಾಂಸರೆಲ್ಲರೂ ಆ ಗಿಂಡಿಯಲ್ಲೇ ನೀರು ಕೊಟ್ಟರು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಮಂದಗತಿಯ ಹನ್ನೆರಡಂಗುಲದ ಪ್ಲೇಟನ್ನು ಹೊರತಂದಿತು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮೇಲ್ಪಟ್ಟು ಅವಕಾಶ. ಈ ಅವಕಾಶವನ್ನು ರಾಕ್ ಸಂಗೀತದವರಿಗಿಂತ ಬಹಳ ಮೊದಲೇ ಬಳಸಿಕೊಂಡವರು ನಮ್ಮವರೆಂಬುದು ಗಮನಾರ್ಹ. 1955ರಲ್ಲಿ ಅಮೆರಿಕದಲ್ಲಿ ಅಲಿ ಅಕ್ಬರ್ ಖಾನರ ಸರೋದಿನ ಪ್ಲೇಟು ಹೊರಬಿತ್ತು; ಒಂದು ಮಗ್ಗುಲಿಗೆ ಒಂದೇ ರಾಗ. ಪರಿಚಯದ ಮಾತು ಹೇಳಿದವರು ಪಿಟೀಲುವಾದಕ ಯೆಹೂದಿ ಮೆನುಹಿನ್. ಇಂಗ್ಲೆಂಡಿನ ತರುಣರು ಮೂರು ನಿಮಿಷದ ಬೇಲಿಯನ್ನು ಹಾರುವ ಹೊತ್ತಿಗೆ ಹದಿನೈದು ವರ್ಷ ಕಳೆದಿತ್ತು.

ಹಾರಿದ ಮೇಲೆ ಮಾತ್ರ ಅವರು ಹಿಂದಿರುಗಿ ನೋಡಲಿಲ್ಲ. 1971ರಲ್ಲಿ ಪಿಂಕ್ ಫ್ಲಾಯ್ಡ್ ತಂಡ ‘ಎಕೋಸ್’ ಎಂಬ ಒಂದೇ ಕೃತಿಯಿಂದ ಒಂದು ಮಗ್ಗುಲನ್ನು ತುಂಬಿತು. ಮರುವರ್ಷ ಜೆಥ್ರೊ ಟಲ್ ತಂಡ ಎರಡು ಮಗ್ಗುಲಿಗೂ ಸೇರಿ ಒಂದೇ ಹಾಡು ಬರೆಯಿತು. ಪ್ಲೇಟನ್ನು ಮಗುಚಲು ಬೇಕಾದಷ್ಟು ಹೊತ್ತು ಮಾತ್ರ ಬಿಡುವು. ಯೆಸ್ ತಂಡದ ಗಾಯಕ ಜಾನ್ ಆಂಡರ್ಸನ್ ಇನ್ನೂ ಸಾಹಸಿ. ಪರಮಹಂಸ ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿಯಲ್ಲಿ ಶ್ರುತಿ, ಸ್ಮೃತಿ, ಪುರಾಣ, ತಂತ್ರಗಳೆಂಬ ನಾಲ್ಕು ಶಾಸ್ತ್ರಗಳ ಪ್ರಸ್ತಾಪವನ್ನೋದಿ, ಶಾಸ್ತ್ರಕ್ಕೊಂದು ಮಗ್ಗುಲಿನಂತೆ 1973ರಲ್ಲಿ ಎರಡು ಪ್ಲೇಟುಗಳ ಕೃತಿಯನ್ನು ರಚಿಸಿದ. ಅಡಿಟಿಪ್ಪಣಿಯಿಂದ ಎಂಬತ್ತು ನಿಮಿಷಗಳ ಸಂಗೀತ ಹೊರಟ ನಿದರ್ಶನ ಬೇರೆಲ್ಲಿಯೂ ಇರಲಾರದು. ಕನ್ನಡದ ಸಂಶೋಧಕರು ಹೆಮ್ಮೆಪಡಬೇಕಾದ ವಿಷಯ! ಆದರೆ ಅತಿಯಾಯಿತೆಂಬ ಆಕ್ಷೇಪವೂ ಬಂದಿತು. ತಂಡದ ಕೀಲಿವಾದ್ಯಗಾರ ರಿಕ್ ವೇಕ್ಮನ್, ಮ್ಯಾಂಚೆಸ್ಟರಿನ ಕಚೇರಿಯ ನಡುವೆ ಬೇಸರದಿಂದ ವೇದಿಕೆಯ ಮೇಲೆಯೇ ಮಸಾಲೆಯ ಊಟ ತರಿಸಿಕೊಂಡು ತಿಂದುದನ್ನು ಆಮೇಲೆ ತಾನೇ ಹೇಳಿಕೊಂಡಿದ್ದಾನೆ. ಆ ಕೃತಿಯಲ್ಲಿ ನೀರು ಬೆರೆತಿರುವುದು ನಿಜ. ಮೂಡಲಪಾಯದ ಆಟದಲ್ಲಿಯೂ ಬೆರೆತಿರುತ್ತದೆ.

ಮೇಷ್ಟರಿಗೆ ಎಲ್ಲಕ್ಕಿಂತ ಪ್ರಿಯವಾದುದು ಅದೇ ತಂಡದ 1972ರ ‘ಕ್ಲೋಸ್ ಟು ದಿ ಎಡ್ಜ್’. ಹೆರ್ಮನ್ ಹೆಸ್ಸೆಯ ‘ಸಿದ್ಧಾರ್ಥ’ ಕಾದಂಬರಿಯ ಪ್ರೇರಣೆಯಿಂದ ಹುಟ್ಟಿದ ಹಾಡು. ಒಂದು ಮಗ್ಗುಲು ಪೂರ್ತಿ, ಹದಿನೆಂಟು ನಿಮಿಷಕ್ಕೆ ಮೇಲೆ. ಮೊದಲಿಗೆ ವಾದ್ಯವೊಂದೂ ಇಲ್ಲ. ಹರಿವ ನೀರಿನ ಸದ್ದು, ಹಕ್ಕಿಗಳ ಚಿಲಿಪಿಲಿ. ಕ್ರಮಕ್ರಮವಾಗಿ ಅದು ದಟ್ಟವಾಗುತ್ತ ಬಂದು ಇದ್ದಕ್ಕಿದ್ದಂತೆ ವಾದ್ಯಗಳೆಲ್ಲ ಒಟ್ಟಿಗೆ ನುಗ್ಗುತ್ತವೆ. ಮುಗಿಯುವಾಗ ಮತ್ತೆ ಅದೇ ನೀರು, ಅದೇ ಹಕ್ಕಿಗಳು.

ಕಳೆದ ವರ್ಷ ಒಂದು ಸಂಜೆ ಅವರಿಗೆ ನೀರು ಕೇಳಿಸಿತು, ಹಕ್ಕಿಗಳು ಕೇಳಿಸಲಿಲ್ಲ.

ಈ ಬಗೆಯ ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಎರಡು ಸ್ಪೀಕರುಗಳಿರುತ್ತವೆ. ಕೆಳಗಿನದು ದೊಡ್ಡದು, ಕಾಗದದ ಶಂಕು. ಅದರ ಬೆನ್ನಿಗೆ ಅಂಟಿದ ತಂತಿಯ ಸುರುಳಿ ಅಯಸ್ಕಾಂತದ ಸಂದಿಯಲ್ಲಿ ಹಿಂದೆಮುಂದೆ ಆಡಿದಂತೆ ಶಂಕು ಗಾಳಿಯನ್ನು ತಳ್ಳುತ್ತದೆ. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬ ಅಮೆರಿಕನ್ನನು ಪೆಟ್ಟಿಗೆಯನ್ನು ಬಿಗಿಯಾಗಿ ಮುಚ್ಚಿ, ಒಳಗೆ ಸೆರೆಯಾದ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸುವ ಉಪಾಯವನ್ನು ಬಳಕೆಗೆ ತಂದ ಮೇಲೆ, ಬೀರುವಿನಷ್ಟು ದೊಡ್ಡ ಪೆಟ್ಟಿಗೆಯಿಲ್ಲದೆಯೂ ಮಂದ್ರಸ್ಥಾಯಿ ಮನೆಗೆ ಬಂದಿತು. ಆದರೆ ಶಂಕು ಸಡಿಲವಾಗಿ ಆಡಬೇಕಾದರೆ ಅದರ ಅಂಚಿಗೆ ಮೆತ್ತನೆಯ ಪಟ್ಟಿ ಬೇಕು. ಅನೇಕ ಕಂಪನಿಗಳು ಇದಕ್ಕೆ ಸ್ಪಂಜಿನಂಥ ಫೋಮನ್ನು ಬಳಸಿದವು. ಗಾಳಿಯ ತೇವಕ್ಕೆ ಅದು ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಒಣಬೆಲ್ಲದಂತೆ ಪುಡಿಪುಡಿಯಾಗುತ್ತದೆ. ಮೇಲಿನ ಸ್ಪೀಕರು ಚಿಕ್ಕದು, ತಾರಸ್ಥಾಯಿಗೆ ಮೀಸಲು. ಇಂಗ್ಲಿಷಿನವರು ದೊಡ್ಡದನ್ನು ‘ವೂಫರ್’ ಎಂದೂ ಚಿಕ್ಕದನ್ನು ‘ಟ್ವೀಟರ್’ ಎಂದೂ ಕರೆದರು. ಬೊಗಳುವುದು ಒಂದು, ಚಿಲಿಪಿಲಿಗುಟ್ಟುವುದು ಇನ್ನೊಂದು.

ಮೇಷ್ಟರು ಈ ಜೋಡಿಯನ್ನು 1982ರಲ್ಲಿ, ವರ್ಗವಾಗಿ ಹೋಗುತ್ತಿದ್ದ ಎಂಜಿನಿಯರೊಬ್ಬರಿಂದ ಎರಡು ತಿಂಗಳ ಸಂಬಳಕ್ಕೆ ಕೊಂಡಿದ್ದರು. ಫೋಮಿನ ಅಂಚನ್ನು ಒಮ್ಮೆ ತಾವೇ ಬದಲಿಸಿದ್ದರು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಅಳತೆಗೆ ಸರಿಯಾದ ಪಟ್ಟಿ ತಂದು, ಹಳೆಯ ಅಂಟನ್ನು ಮೂರು ದಿನ ಕೆರೆದು, ಹೊಸದನ್ನು ಕೂರಿಸಿ, ಶಂಕುವನ್ನು ಎರಡು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಸುರುಳಿ ಎಲ್ಲಾದರೂ ಉಜ್ಜುತ್ತದೆಯೋ ಎಂದು ಕಿವಿಯಿಟ್ಟು ಕೇಳಿ—ಬಸುರಿಯ ಹೊಟ್ಟೆ ನೋಡುವ ಸೂಲಗಿತ್ತಿಯಂತೆ. ಆ ಕೆಲಸ ಅವರಿಗೆ ಗೊತ್ತು. ಹಕ್ಕಿಗಳ ವಿಷಯ ಹಾಗಲ್ಲ. ಎಪ್ಪತ್ತು ದಾಟಿದವರ ಕಿವಿ ಮೊದಲು ಕಳೆದುಕೊಳ್ಳುವುದೇ ತಾರಸ್ಥಾಯಿಯನ್ನು. ಹೋದದ್ದು ಟ್ವೀಟರೋ, ಕಿವಿಯೋ?

ಅವರು ಕುರ್ಚಿಯನ್ನು ತಿರುಗಿಸಿ, ಸ್ಪೀಕರುಗಳಿಗೆ ಬೆನ್ನು ಮಾಡಿ ಕುಳಿತು ನೋಡಿದರು. ಒಂದು ಕಡೆಯಿಂದ ತಾಳದ ಕಿಣಿಕಿಣಿ ಮಸುಕುಮಸುಕಾಗಿ ಬಂದಂತಾಯಿತು, ಬಾರದಂತೆಯೂ ಆಯಿತು. “ಅದರ ಮೇಲೂ ಕೋಪ ಬಂತೇನ್ರೀ?” ಎಂದರು ಒಳಗಿನಿಂದ ಹೆಂಡತಿ. ಮೇಷ್ಟರು ಉತ್ತರ ಕೊಡಲಿಲ್ಲ. ದುರಸ್ತಿ ಮಾಡುವವನನ್ನು ಕರೆಸಿದರೆ ಒಂದು ನಿಮಿಷದಲ್ಲಿ ತೀರ್ಮಾನವಾಗುತ್ತಿತ್ತು. ಎಂಟು ತಿಂಗಳು ಅವರು ಕರೆಸಲಿಲ್ಲ. ಟ್ವೀಟರು ಸರಿಯಾಗಿದೆಯೆಂದು ಆತ ಹೇಳಿಬಿಟ್ಟರೆ?

ಬೇಸಗೆಯ ರಜಕ್ಕೆ ಬೆಂಗಳೂರಿನಿಂದ ಹದಿಮೂರು ವರ್ಷದ ಮೊಮ್ಮಗ ಬಂದ. ಅವನ ಬಳಿ ಅಂಗೈಯಗಲದ ಬ್ಲೂಟೂತ್ ಸ್ಪೀಕರು. ಯಾವ ಹಾಡನ್ನೂ ಅರ್ಧ ನಿಮಿಷಕ್ಕಿಂತ ಹೆಚ್ಚು ಕೇಳುವವನಲ್ಲ. ಮೇಷ್ಟರು ಅವನನ್ನು ನೆಲದ ಮೇಲೆ ಕೂರಿಸಿ, ಹಾಡಿನ ಆರಂಭವನ್ನು ಹಾಕಿ, ಒಂದೊಂದು ಪೆಟ್ಟಿಗೆಗೂ ಕಿವಿಯಿಡುವಂತೆ ಹೇಳಿದರು.

“ಬಲಗಡೆ ಹಕ್ಕಿ ಇದೆ ತಾತ. ಎಡಗಡೆ ಬರೀ ನೀರು.”

“ಬಲಗಡೆ ಎಷ್ಟಿವೆ?”

“ತುಂಬಾ. ಯಾಕೆ, ನಿಮಗೆ ಕೇಳಿಸಲ್ವಾ?”

ಉತ್ತರ ಎರಡೂ ಆಗಿತ್ತು. ಟ್ವೀಟರೂ ಹೋಗಿತ್ತು, ಕಿವಿಯೂ ಹೋಗಿತ್ತು. ಎಡಗಡೆಯದರ ಕಾಯಿಲೆ ಸುಲಭದ್ದು. ಟ್ವೀಟರಿಗೆ ಮಂದ್ರವನ್ನು ತಡೆದು ತಾರವನ್ನಷ್ಟೇ ಬಿಡುವ ಕೆಪಾಸಿಟರು ಕಾಲಕ್ರಮದಲ್ಲಿ ಒಣಗಿಹೋಗುತ್ತದೆ. ಹೊಸದಕ್ಕೆ ಎರಡು ತಂತಿಗಳ ಬೆಸುಗೆ ಸಾಕು. ಕಬ್ಬಿಣವನ್ನು ಹಿಡಿದವನು ಮೊಮ್ಮಗ, ಸೀಸವನ್ನು ಹಿಡಿದವರು ತಾತ. ಬೆಸುಗೆ ಆದ ಮೇಲೆ ಹುಡುಗ ಮತ್ತೆ ಕಿವಿಯಿಟ್ಟು, ಎರಡು ಕಡೆಯೂ ಹಕ್ಕಿ ಬಂತೆಂದು ವರದಿ ಮಾಡಿದ. ಮೇಷ್ಟರು ಅದನ್ನು ನಂಬಿ ಪೆಟ್ಟಿಗೆಯ ತಿರುಪುಗಳನ್ನು ಬಿಗಿದರು.

ಅಂದು ಸಂಜೆ ಇನ್ನೊಂದು ಕುರ್ಚಿ ಬಂದಿತು. ಮೊದಲ ಐದು ನಿಮಿಷ ಹುಡುಗ ಕಾಲು ಕುಣಿಸಿದ. ಆಮೇಲೆ, “ಇದು ಯಾವಾಗ ಮುಗಿಯುತ್ತೆ ತಾತ?” ಎಂದ. ವಾದ್ಯಗಳೆಲ್ಲ ಅಡಗಿ ನಿಧಾನದ ಭಾಗ ಬಂದಾಗ ನಿದ್ದೆಹೋದ. ಮೇಷ್ಟರು ಎಬ್ಬಿಸಲಿಲ್ಲ, ಆಟದ ಮುಂದೆ ಅವರೂ ಎಷ್ಟೋ ರಾತ್ರಿ ಹೀಗೆಯೇ ಮಲಗಿದ್ದವರು, ರಾಕ್ಷಸನ ಪಾತ್ರ ಅಬ್ಬರಿಸಿ ಬಂದಾಗಲಷ್ಟೇ ಎದ್ದವರು. ಇಲ್ಲಿ ರಾಕ್ಷಸನ ಬದಲು ಲಂಡನ್ನಿನ ಸೇಂಟ್ ಜೈಲ್ಸ್ ಚರ್ಚಿನಲ್ಲಿ ನುಡಿಸಿದ ಕೊಳವೆಗಳ ಆರ್ಗನ್ ಬಂದಿತು. ಆ ಮಂದ್ರಕ್ಕೆ ಕಿಟಕಿಯ ಗಾಜು ಕಂಪಿಸಿತು. ಹುಡುಗ ಎದ್ದು ಕುಳಿತು, ಕೈಯನ್ನು ಕುರ್ಚಿಯ ತೋಳಿನ ಮೇಲೆ ಒತ್ತಿ ಹಿಡಿದು, ಅಲ್ಲಿಂದ ಮುಂದಕ್ಕೆ ಏನನ್ನೂ ಕೇಳಲಿಲ್ಲ.

ಹಾಡು ಇನ್ನೇನು ಮುಗಿಯಬೇಕು, ಹಕ್ಕಿಗಳು ಹಿಂದಿರುಗಬೇಕು, ಕರೆಂಟು ಹೋಯಿತು. ಜೋಗಿಮಟ್ಟಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಅಷ್ಟೊಂದು ತಿರುಗುತ್ತಿದ್ದರೂ ಈ ಕಡೆಯ ಮನೆಗಳಲ್ಲಿ ದೀಪ ಆರುವುದು ತಪ್ಪಿಲ್ಲ. ಸ್ಪೀಕರುಗಳೆರಡೂ ಒಮ್ಮೆಗೇ ಮೂಕವಾದವು. ಮೇಷ್ಟರು ಬೆಂಕಿಪೆಟ್ಟಿಗೆಗೆ ತಡಕಾಡುತ್ತಿದ್ದರು.

“ತಾತ, ಇದು ಇನ್ನೂ ಹಾಡ್ತಾ ಇದೆ!”

ಕರೆಂಟು ಹೋದರೂ ಭಾರವಾದ ತಟ್ಟೆ ತನ್ನ ವೇಗದಲ್ಲೇ ಕೆಲವು ಸುತ್ತು ತಿರುಗುತ್ತದೆ. ಮುಳ್ಳು ಗೆರೆಯಲ್ಲಿ ಓಡುತ್ತಿರುವಷ್ಟು ಹೊತ್ತು, ಸೊಳ್ಳೆಯ ಸ್ವರದಷ್ಟು ತೆಳುವಾಗಿ, ಮುಳ್ಳೇ ಹಾಡುತ್ತದೆ. ಮೇಷ್ಟರು ಕತ್ತಲಲ್ಲಿ ಬಂದು ಪ್ಲೇಟಿನ ಮೇಲೆ ಬಗ್ಗಿದರು. ಅವರಿಗೆ ಏನೂ ಕೇಳಿಸಲಿಲ್ಲ.

“ಎಲ್ಲಿಯವರೆಗೆ ಬಂತು?” ಎಂದರು.

“ಹಕ್ಕಿ ಬಂತು. ನಿಧಾನ ಆಗ್ತಾ ಇದೆ… ಈಗ ಗೂಬೆ ಥರ ಆಯ್ತು… ನಿಂತುಹೋಯ್ತು.”

ಮೇಷ್ಟರು ಕೈಯಿಂದ ತಡವಿ ಮುಳ್ಳನ್ನು ಮೇಲಕ್ಕೆತ್ತಿದರು.