‘ಮಾನವೀಯತೆ ಸತ್ತಿದೆ’ ಎಂದರೆ ಸಾಕೇ?

ಅಪಘಾತದಲ್ಲಿ ಗಾಯಗೊಂಡು ರಸ್ತೆಯಲ್ಲಿ ನರಳುತ್ತಿದ್ದವರ ಸುತ್ತ ಜನ ಸುಮ್ಮನೆ ನಿಂತಿದ್ದರು, ಕೆಲವರು ಮೊಬೈಲ್‌ನಲ್ಲಿ ವಿಡಿಯೊ ಮಾಡಿದರು ಎಂಬ ಸುದ್ದಿ ಬಂದಾಗಲೆಲ್ಲ ನಾವು ಆಡುವ ಮಾತು ಒಂದೇ: ಮಾನವೀಯತೆ ಸತ್ತಿದೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಸಿಟ್ಟಿನಲ್ಲಿ ನಾವು ಮುಟ್ಟುವ ತೀರ್ಮಾನ ತಪ್ಪು ಮಾತ್ರವಲ್ಲ, ನಾಳೆ ಅದೇ ರಸ್ತೆಯಲ್ಲಿ ಬೀಳುವವರಿಗೆ ಅಪಾಯಕಾರಿಯೂ ಹೌದು. ಜನರೇ ಕೆಟ್ಟಿದ್ದಾರೆ ಎಂದಮೇಲೆ ಸರಿಪಡಿಸಲು ಏನೂ ಉಳಿಯುವುದಿಲ್ಲ. ಇನ್ನೊಬ್ಬರ ನಡತೆಗೆ ಅವರ ಸ್ವಭಾವವನ್ನೇ ಕಾರಣವಾಗಿಸಿ, ಅವರು ಸಿಕ್ಕಿಕೊಂಡಿದ್ದ ಸನ್ನಿವೇಶವನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು ಮನುಷ್ಯರು ಸದಾ ಮಾಡುವ ಮೂಲಭೂತ ತಪ್ಪು ಎಂದು ಮನೋವಿಜ್ಞಾನಿ ಲೀ ರಾಸ್ 1977ರಲ್ಲೇ ಗುರುತಿಸಿದ್ದರು.

ಜನ ಯಾಕೆ ಸುಮ್ಮನೆ ನಿಲ್ಲುತ್ತಾರೆ ಎಂಬ ಪ್ರಶ್ನೆ ಪ್ರಯೋಗಶಾಲೆಯನ್ನು ಹೊಕ್ಕಿದ್ದೂ ಇಂಥದೇ ಒಂದು ಸುದ್ದಿಯಿಂದ. 1964ರ ಮಾರ್ಚ್ 13ರ ನಸುಕಿನಲ್ಲಿ ನ್ಯೂಯಾರ್ಕಿನ ಕ್ಯೂ ಗಾರ್ಡನ್ಸ್ ಬಡಾವಣೆಯಲ್ಲಿ ಕಿಟ್ಟಿ ಜಿನೊವೀಸ್ ಎಂಬ ಯುವತಿಯ ಕೊಲೆಯಾಯಿತು. 38 ಮಂದಿ ನೋಡುತ್ತಿದ್ದರೂ ದಾಳಿ ನಡೆಯುವಾಗ ಒಬ್ಬರೂ ಪೊಲೀಸರಿಗೆ ಫೋನ್ ಮಾಡಲಿಲ್ಲ ಎಂದು ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಮಹಾನಗರದವರ ಎದೆ ಕಲ್ಲಾಗಿದೆ ಎಂದು ಜನ ಮರುಗುತ್ತಿದ್ದಾಗ ಮನೋವಿಜ್ಞಾನಿಗಳಾದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಬೇರೆಯೇ ಪ್ರಶ್ನೆ ಕೇಳಿದರು: ಅಷ್ಟು ಜನ ಇದ್ದದ್ದೇ ಕಾರಣವಾಗಿರಬಹುದೇ? 1968ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಬೇರೆಬೇರೆ ಕೋಣೆಗಳಲ್ಲಿ ಕುಳಿತು ಮೈಕಿನಲ್ಲಿ ಮಾತಾಡುತ್ತಿದ್ದರು. ನಡುವೆ ಒಬ್ಬನಿಗೆ ಮೂರ್ಛೆರೋಗ ಬಂದಂತೆ ದನಿ ಕೇಳಿಸುತ್ತಿತ್ತು. ಅದು ತನಗೊಬ್ಬನಿಗೇ ಕೇಳಿಸುತ್ತಿದೆ ಎಂದುಕೊಂಡವರಲ್ಲಿ ಶೇ 85ರಷ್ಟು ಮಂದಿ, ಆ ನರಳಾಟ ನಿಲ್ಲುವ ಮೊದಲೇ ಎದ್ದು ಹೋಗಿ ತಿಳಿಸಿದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದು ನಂಬಿದವರಲ್ಲಿ ಹಾಗೆ ಮಾಡಿದವರು ಶೇ 31 ಮಾತ್ರ. ನನಗೆ ಅಂಕಿಗಳಿಗಿಂತ ಮುಖ್ಯವೆನಿಸುವುದು, ಕದಲದೆ ಕುಳಿತವರ ಸ್ಥಿತಿ. ಅವರ ಕೈ ನಡುಗುತ್ತಿದ್ದವು, ಅಂಗೈ ಬೆವರಿದ್ದವು. ಆತ ಹೇಗಿದ್ದಾನೆ, ಸಹಾಯ ಸಿಕ್ಕಿತೇ ಎಂದು ಅವರೇ ವಿಚಾರಿಸಿದರು. ಅವರಲ್ಲಿ ಮರುಕವಿತ್ತು, ಬೇರೆ ಯಾರೋ ಹೋಗಿರಬಹುದು ಎಂಬ ಎಣಿಕೆಯಲ್ಲಿ ಅದು ಕೆಲಸವಾಗಿ ಮಾರ್ಪಡಲಿಲ್ಲ. ಇನ್ನೊಂದು ಪ್ರಯೋಗದಲ್ಲಿ ಕೋಣೆಯೊಳಗೆ ಹೊಗೆ ಬಿಡಲಾಯಿತು. ಒಂಟಿಯಾಗಿದ್ದವರಲ್ಲಿ ಶೇ 75 ಮಂದಿ ತಿಳಿಸಿದರೆ, ಏನೂ ಆಗದವರಂತೆ ನಟಿಸುವ ಇಬ್ಬರ ಜೊತೆ ಕೂತವರಲ್ಲಿ ತಿಳಿಸಿದವರು ಶೇ 10. ಗುಂಪಿನಲ್ಲಿ ಪ್ರತಿಯೊಬ್ಬರೂ ತಮ್ಮ ಗಾಬರಿಯನ್ನು ಅಡಗಿಸಿಕೊಂಡು ಪಕ್ಕದವರ ಮುಖ ನೋಡುತ್ತಾರೆ, ಅಲ್ಲಿ ಗಾಬರಿ ಕಾಣದೆ ಅಂಥದ್ದೇನೂ ಆಗಿಲ್ಲ ಎಂದುಕೊಳ್ಳುತ್ತಾರೆ.

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ಜಿನೊವೀಸ್ ಪ್ರಕರಣದ ಕಥೆಗೆ ಸಾಕ್ಷ್ಯಗಳ ಬಲವಿಲ್ಲ, 38 ಜನ ಕಿಟಕಿಯಲ್ಲಿ ನಿಂತು ಕೊಲೆ ನೋಡಿದ್ದಕ್ಕೆ ಆಧಾರವೇ ಇಲ್ಲ ಎಂದು 2007ರಲ್ಲಿ ಬ್ರಿಟನ್ನಿನ ಸಂಶೋಧಕರು ತೋರಿಸಿದರು. ಆಮೇಲೆ ಆಮ್‌ಸ್ಟರ್‌ಡ್ಯಾಮ್, ಲ್ಯಾಂಕಾಸ್ಟರ್, ಕೇಪ್‌ಟೌನ್‌ಗಳ 219 ಬೀದಿಜಗಳಗಳ ಸಿಸಿಟಿವಿ ದೃಶ್ಯಗಳನ್ನು ಪರಿಶೀಲಿಸಿದಾಗ ಹತ್ತರಲ್ಲಿ ಒಂಬತ್ತು ಕಡೆ ಒಬ್ಬರಾದರೂ ನಡುವೆ ಬಂದದ್ದು ಕಂಡಿತು. ಜನ ಹೆಚ್ಚಿದಷ್ಟೂ ಯಾರಾದರೂ ಬರುವ ಸಂಭವ ಹೆಚ್ಚಿತು. ಹಾಗಾದರೆ ಹಳೆಯ ಪ್ರಯೋಗಗಳು ಸುಳ್ಳೇ? ಅಲ್ಲ. ಕಣ್ಣೆದುರಿನ ಹೊಡೆದಾಟದಲ್ಲಿ ಏನಾಗುತ್ತಿದೆ ಎಂಬ ಅನುಮಾನಕ್ಕೆ ಎಡೆಯಿಲ್ಲ. ಗೋಡೆಯಾಚೆಯ ನರಳಾಟದಲ್ಲಿ ಅದು ಬೇಕಾದಷ್ಟಿದೆ. ಅನುಮಾನ ಕಳೆದರೆ ಜನ ಮುಂದೆ ಬರುತ್ತಾರೆ. ಮಾನವೀಯತೆ ಸತ್ತಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಗೊತ್ತಿಲ್ಲ.

ಸನ್ನಿವೇಶದ ಮೇಲೆ ಹೊರೆ ಹೊರಿಸಿದರೆ ವ್ಯಕ್ತಿ ನುಣುಚಿಕೊಳ್ಳುತ್ತಾನಲ್ಲ ಎಂಬುದು ಇನ್ನೊಂದು ಆಕ್ಷೇಪ. ಕಾರಣ ಹೇಳುವುದು ಕ್ಷಮಿಸುವುದಲ್ಲ. ಡಿಕ್ಕಿ ಹೊಡೆದು ಪರಾರಿಯಾದವನಿಗೆ ಈ ವಾದದಲ್ಲಿ ಯಾವ ರಿಯಾಯಿತಿಯೂ ಇಲ್ಲ. ಆದರೆ ಒಳ್ಳೆಯ ಮನಸ್ಸೊಂದೇ ಸಾಲದು ಎಂಬುದನ್ನೂ ಒಪ್ಪಬೇಕು. 1973ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದವರನ್ನು ಪರೀಕ್ಷಿಸಿದಾಗ, ದಾರಿಯಲ್ಲಿ ಕುಸಿದು ಕೂತವನಿಗೆ ನೆರವಾದವರು, ಅವಸರವಿಲ್ಲದವರಲ್ಲಿ ಶೇ 63, ತಡವಾಯಿತೆಂದು ಓಡುತ್ತಿದ್ದವರಲ್ಲಿ ಶೇ 10. ಅವರಲ್ಲಿ ಕೆಲವರು ಹೊರಟಿದ್ದದ್ದೇ ದಾರಿಹೋಕನಿಗೆ ನೆರವಾದ, ಬೈಬಲಿನ ಸಮಾರ್ಯದವನ ಕಥೆಯ ಬಗ್ಗೆ ಮಾತಾಡಲು.

ನಮ್ಮ ರಸ್ತೆಗಳಲ್ಲಿ ಹಿಂಜರಿಕೆಗೆ ಇನ್ನೂ ನೇರವಾದ ಕಾರಣಗಳಿವೆ: ಪೊಲೀಸ್ ಠಾಣೆ, ಕೋರ್ಟಿನ ಅಲೆದಾಟ, ಆಸ್ಪತ್ರೆಯಲ್ಲಿ ಕೇಳುವ ಮುಂಗಡ ಹಣ. ಈ ಭಯ ಕಲ್ಪಿತವಾಗಿರಲಿಲ್ಲ, ಅದಕ್ಕೇ ಕಾನೂನು ಬದಲಾಯಿತು. ನೆರವಾದವರ ರಕ್ಷಣೆಗೆ ಕೇಂದ್ರ ರೂಪಿಸಿದ ಮಾರ್ಗಸೂಚಿಗೆ 2016ರಲ್ಲಿ ಸುಪ್ರೀಂ ಕೋರ್ಟ್ ಬಲ ತುಂಬಿತು. ಅದೇ ವರ್ಷ ಕರ್ನಾಟಕದ ವಿಧಾನಮಂಡಲ ತನ್ನದೇ ಮಸೂದೆಯನ್ನು ಅಂಗೀಕರಿಸಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಒಳ್ಳೆಯ ಉದ್ದೇಶದಿಂದ ಗಾಯಾಳುವಿಗೆ ನೆರವಾದವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ. ಹೆಸರು, ವಿಳಾಸ ಕೊಡುವಂತೆ ಅವರನ್ನು ಪೊಲೀಸರು ಬಲವಂತ ಮಾಡುವಂತಿಲ್ಲ. ಈ ಹಕ್ಕುಗಳನ್ನು ಸ್ಥಳೀಯ ಭಾಷೆಯಲ್ಲೂ ಬರೆದು ಪ್ರತಿ ಆಸ್ಪತ್ರೆಯ ಬಾಗಿಲಲ್ಲಿ ಅಥವಾ ಎದ್ದುಕಾಣುವ ಜಾಗದಲ್ಲಿ ಹಾಕಬೇಕೆಂದು 2020ರ ನಿಯಮ ಹೇಳುತ್ತದೆ. ಆ ಫಲಕ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಇದೆಯೇ ಎಂದು ಜಿಲ್ಲಾಡಳಿತ ತಪಾಸಣೆ ಮಾಡಲಿ. ಚಾಲನಾ ಪರವಾನಗಿ ಪರೀಕ್ಷೆಯಲ್ಲಿ 134ಎ ಬಗ್ಗೆ ಪ್ರಶ್ನೆ ಇರಲಿ. ಶಾಲೆಗಳಲ್ಲಿ ಗುಂಪಿನ ಈ ಸ್ವಭಾವವನ್ನೂ ಹೇಳಿಕೊಡಲಿ. ಅದರ ಬಗ್ಗೆ ಪಾಠ ಕೇಳಿದ ವಿದ್ಯಾರ್ಥಿಗಳು ಇತರರಿಗಿಂತ ಹೆಚ್ಚಾಗಿ ನೆರವಿಗೆ ಬಂದರೆಂದು 1978ರ ಅಧ್ಯಯನವೊಂದು ತೋರಿಸಿದೆ. ‘ಯಾರಾದರೂ ಸಹಾಯ ಮಾಡಿ’ ಎಂದು ಕೂಗುವ ಬದಲು ‘ನೀಲಿ ಅಂಗಿಯವರೇ, 108ಕ್ಕೆ ಫೋನ್ ಮಾಡಿ’ ಎಂದು ಒಬ್ಬರನ್ನೇ ಗುರುತಿಸಿ ಹೇಳುವುದನ್ನು ಹತ್ತು ವರ್ಷದ ಮಗುವೂ ಕಲಿಯಬಲ್ಲದು.